ಕೈ ಕೊಟ್ಟ ಕತ್ತರಿ

ಯಲಹಂಕದ ಹತ್ತಿರದ ನಮ್ಮ ಬಡಾವಣೆಯಲ್ಲಿ, ಕಳೆದ ಚುನಾವಣೆಯ ಹೊತ್ತಿಗೆ, ಒಂದು ಬೆಳಿಗ್ಗೆ ಪೊರಕೆಯೊಂದು ಅಳಿಸಿಹೋಯಿತು. ಸಾವುನೋವಿನ ವರದಿ ಬರಲಿಲ್ಲ. ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ನಿಯಂತ್ರಣದಲ್ಲಿತ್ತು.

ನಮ್ಮಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಇದಕ್ಕೆ ಕಾರಣ ನಮ್ಮ ಸಂಘದ ಅಧ್ಯಕ್ಷರ ಒಂದು ದೃಢ ನಂಬಿಕೆ: ಸರ್ಕಾರ ಇಂಟರ್ನೆಟ್ಟಿಗೆ ಕತ್ತರಿ ಹಾಕಲೇಬೇಕು. ಸಂಘದ ವಾರ್ಷಿಕೋತ್ಸವದಲ್ಲಿ ಅದೇ ವಿಷಯದ ಮೇಲೆ ಭಾಷಣ ಮಾಡುವವರಿದ್ದರು. ಅಷ್ಟರಲ್ಲಿ ಒಂದೇ ಕಾಂಪೌಂಡ್ ಗೋಡೆಯ ಆಚೆ ಈಚೆ ಇರುವ ಇಬ್ಬರು ಹಿರಿಯರು ಬಡಾವಣೆಯ ಗ್ರೂಪಿನಲ್ಲಿ ಪಕ್ಷದ ವಿಚಾರಕ್ಕೆ ಜಗಳವಾಡಿ ಮಾತು ಬಿಟ್ಟರು.

"ದೇಶದ ಕಥೆ ಆಮೇಲೆ. ಮೊದಲು ನಮ್ಮ ಲೇಔಟಲ್ಲಿ ಮಾಡಿ ತೋರಿಸ್ತೀನಿ," ಎಂದರು ಅಧ್ಯಕ್ಷರು.

ನಾನು ಬೇಡ ಎಂದೆ. ಸಭೆಯ ನಡಾವಳಿಯಲ್ಲಿ ಅದು ದಾಖಲಾಗಲಿಲ್ಲ.

ಸಾಫ್ಟ್‌ವೇರ್ ಕೆಲಸದ ನಮ್ಮ ಕಾರ್ಯದರ್ಶಿ ಗ್ರೂಪನ್ನು ಹೊಸದೊಂದು ಆ್ಯಪಿಗೆ ಸಾಗಿಸಿದರು. ನಿಷೇಧಿತ ಪದ ಕಂಡರೆ ಅದು ಸಂದೇಶವನ್ನು ತಾನೇ ಅಳಿಸಿ, "ಬಡಾವಣೆಯ ಶಾಂತಿಗೆ ಧಕ್ಕೆ ತರುವಂತಿದ್ದ ಕಾರಣ ಅಳಿಸಲಾಗಿದೆ" ಎಂದು ಬರೆಯುತ್ತದೆ. ಮೂರು ಸಲ ತಪ್ಪು ಮಾಡಿದವರನ್ನು ಹೊರಗೆ ಹಾಕುತ್ತದೆ. ನಿಷೇಧಿತ ಪದಗಳು ನಾಲ್ಕು: ಕೈ, ಕಮಲ, ತೆನೆ, ಪೊರಕೆ. ಜೊತೆಗೆ ಅಧ್ಯಕ್ಷರ ಆದೇಶವೊಂದು: ಏನಿದ್ದರೂ ಗ್ರೂಪಿನಲ್ಲೇ ಹಾಕಬೇಕು, ಯಾರೂ ಫೋನ್ ಮಾಡಕೂಡದು. ಅವರಿಗೆ ಬಿಡುವಿರಲಿಲ್ಲ. ಆ ಭಾನುವಾರ ಅವರ ಮನೆಯಲ್ಲೇ ಮಗಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಮಾಕಳಿಯ ಹಳೇ ಮನೆತನದವರು, ಉಪಚಾರದಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ ಮುಖ ಗಂಟಿಕ್ಕುತ್ತಾರೆಂದು ಹೆಸರಾದವರು.

೧. ಪೊರಕೆ

ಬೀದಿ ಗುಡಿಸುವ ಹೆಂಗಸಿಗೆ ಹೊಸ ಪೊರಕೆ ಬೇಕಿತ್ತು. ಗ್ರೂಪಿನಲ್ಲಿ ಕೇಳಿದರು. ಅಳಿಸಿಹೋಯಿತು. ಅವರ ಪರವಾಗಿ ನಾನು, "ಕಸ ಗುಡಿಸುವ, ಕಡ್ಡಿಗಳಿರುವ, ಹಿಡಿಯುಳ್ಳ ವಸ್ತು ಒಂದು ಬೇಕಾಗಿದೆ" ಎಂದು ಬರೆದೆ.

ಸಂಜೆ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. "ಸಾರ್, ಬರೆದಿದ್ದು ನೋಡ್ದೆ. ಯಾವ ಪಾರ್ಟಿ ಬಗ್ಗೆ ಅಂತ ಗೊತ್ತಾಯ್ತು. ಇಷ್ಟು ಸೂಕ್ಷ್ಮವಾಗಿ ಬೈಬಾರ್ದು."

೨. ಕಮಲ

ಅಧ್ಯಕ್ಷರ ಶ್ರೀಮತಿಯವರ ಹೆಸರು ಕಮಲ. ಅವರು ಮೊಬೈಲಿನಲ್ಲೂ ಕಾಗದ ಬರೆದಂತೆ ಬರೆಯುವವರು. ಹಾಲು ಬಂದಿಲ್ಲ ಎಂದು ತಿಳಿಸುವಾಗಲೂ ಕೊನೆಯಲ್ಲಿ "ಇಂತಿ, ಕಮಲ" ಎಂದಿರುತ್ತದೆ. ಒಂದೇ ದಿನದಲ್ಲಿ ಅವರು ಎರಡು ಸಲ ಬಡಾವಣೆಯ ಶಾಂತಿಗೆ ಧಕ್ಕೆ ತಂದರು.

ಮರುದಿನ ಅಧ್ಯಕ್ಷರು ತಿಂಡಿಗೆ ಕೂತರು. ತಟ್ಟೆ ಬರಲಿಲ್ಲ.

"ತಿಂಡಿ?"

"ಯಾರನ್ನ ಕೇಳ್ತಾ ಇದೀರಿ? ಹೆಸರು ಹಿಡಿದು ಕೇಳಿ, ಕೊಡ್ತೀನಿ."

"ಕಮಲಾ..."

"ಅಯ್ಯೋ, ನಿಧಾನಕ್ಕೆ ಕಣ್ರೀ. ಶಾಂತಿ ಕದಡುತ್ತೆ."

ಹತ್ತು ಗಂಟೆಗೆ ಸುತ್ತೋಲೆ ಹೊರಬಿತ್ತು: ಅಧ್ಯಕ್ಷರ ಪತ್ನಿಯ ನಂಬರಿಗೆ ಮಾತ್ರ ವಿನಾಯಿತಿ.

ಸರ್ಕಾರ ಕತ್ತರಿ ಹಾಕಬೇಕೇ ಎಂಬ ಚರ್ಚೆಯಲ್ಲಿ ನನ್ನ ವಾದ ಇಷ್ಟೇ, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಧ್ಯಕ್ಷರು ತಪ್ಪು ಪದ ಅಳಿಸಿದರೆ ತಿಂಡಿ ನಿಲ್ಲಿಸಲು ಮನೆಯಲ್ಲಿ ಒಬ್ಬರಿದ್ದಾರೆ. ಸರ್ಕಾರಕ್ಕೆ ತಿಂಡಿ ನಿಲ್ಲಿಸುವವರು ಯಾರು?

೩. ಕೈಲಾಸ

ನಮ್ಮ ಹಿಂದಿನ ಬೀದಿಯವರೊಬ್ಬರು ತಂದೆಯ ವರ್ಷದ ಕಾರ್ಯಕ್ಕೆ ಎಲ್ಲರನ್ನೂ ಕರೆದರು. "ನಮ್ಮ ತಂದೆಯವರು ಕೈಲಾಸವಾಸಿಗಳಾಗಿ ಒಂದು ವರ್ಷ" ಎಂದು ಶುರುವಾಗುತ್ತಿತ್ತು. ಅಳಿಸಿಹೋಯಿತು. ಆ್ಯಪು ಪೂರ್ತಿ ಪದ ಓದುವುದಿಲ್ಲ, ಕೈ ಕಂಡರೆ ಅದಕ್ಕೆ ಸಾಕು.

ಕಾರ್ಯದರ್ಶಿ ಸಹಾಯಕ್ಕೆ ಬಂದರು. ಕೈಲಾಸ ತೆಗೆದು ವೈಕುಂಠ ಹಾಕಿ, ತಾವೇ ಗ್ರೂಪಿಗೆ ಕಳಿಸಿದರು. ಸಲೀಸಾಗಿ ಹೋಯಿತು.

ಹಿಂದಿನ ಬೀದಿಯವರು ಕಾರ್ಯದರ್ಶಿಯ ಗೇಟಿಗೆ ಬಂದು ನಿಂತರು. "ನಮ್ಮಪ್ಪ ಜೀವನಪೂರ್ತಿ ವಿಭೂತಿ ಹಚ್ಚಿದೋರು ಕಣ್ರೀ. ಯಾರನ್ನ ಕೇಳಿ ವೈಕುಂಠಕ್ಕೆ ಕಳಿಸಿದ್ರಿ?"

"ಟೆಂಪರರಿ ಸಾರ್. ಎಲೆಕ್ಷನ್ ಮುಗಿದ ತಕ್ಷಣ ವಾಪಸ್ ಕಳಿಸ್ತೀವಿ."

೪. ಕೈ

ಶನಿವಾರ ಮಧ್ಯಾಹ್ನ, ನಿಶ್ಚಿತಾರ್ಥದ ಹಿಂದಿನ ದಿನ, ನಮ್ಮ ಬಡಾವಣೆಗೆ ನೀರು ಬಿಡುವವನು ಗ್ರೂಪಿಗೆ ಏನನ್ನೋ ಹಾಕಿದ. ಬ್ಯಾಟರಾಯನಪುರದ ಹಳೇ ಊರಿನವನು, ಎಂದೂ ಹೆಚ್ಚು ಮಾತಾಡಿದವನಲ್ಲ. ಅಳಿಸಿಹೋಯಿತು. ಮತ್ತೆ ಹಾಕಿದ, ಅಳಿಸಿಹೋಯಿತು. ಮೂರನೇ ಸಲಕ್ಕೆ ಆ್ಯಪು ಅವನನ್ನೇ ಹೊರಗೆ ಹಾಕಿತು. ಅವನು ಏನು ಬರೆದಿದ್ದನೆಂದು ಯಾರೂ ನೋಡಲಿಲ್ಲ. ಆದರೆ ಸಂಜೆಯ ವಾಕಿಂಗ್ ಹೊತ್ತಿಗೆ ಅವನು ಯಾವ ಪಕ್ಷ ಸೇರಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಪಕ್ಷ ಗೊತ್ತಿತ್ತು.

ಅಧ್ಯಕ್ಷರು ನನ್ನ ಹತ್ತಿರ ಬೇಸರಪಟ್ಟುಕೊಂಡರು. "ನೀರು ಬಿಡೋನಿಗೆ ಯಾಕ್ರೀ ಬೇಕು ರಾಜಕೀಯ? ಆ್ಯಪ್ ಇಲ್ದೆ ಇದ್ದಿದ್ರೆ ಏನ್ ಗತಿ ಅಂತ."

ಭಾನುವಾರ ಬೆಳಿಗ್ಗೆ ಅಡುಗೆಯವರು ಪಾತ್ರೆ ತೊಳೆದು, ಅನ್ನಕ್ಕೆ ನೀರಿಟ್ಟು, ಅಧ್ಯಕ್ಷರ ಸಂಪನ್ನು ಖಾಲಿ ಮಾಡಿದರು. ಹತ್ತೂವರೆಗೆ ಬೀಗರ ಎರಡು ವ್ಯಾನ್ ಬಂದು ನಿಂತವು. ಹುಡುಗನ ತಂದೆ ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿ, ಅಂಗಳದ ನಲ್ಲಿಯ ಕೆಳಗೆ ಕಾಲು ಚಾಚಿದರು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅವರು ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಅವರ ಕಡೆಯವರೂ ಚಪ್ಪಲಿ ಬಿಟ್ಟು ಸಾಲುಗಟ್ಟಿದರು.

ಅಧ್ಯಕ್ಷರು ಮೂಲೆಗೆ ಹೋಗಿ, ತಮ್ಮ ಆದೇಶವನ್ನು ತಾವೇ ಮುರಿದು, ನೀರಿನವನಿಗೆ ಫೋನ್ ಮಾಡಿದರು. ಪಕ್ಕದಲ್ಲೇ ಇದ್ದುದರಿಂದ ಎರಡೂ ಕಡೆಯ ಮಾತು ನನಗೆ ಕೇಳಿಸಿತು.

"ನೀರು ಬರಲ್ಲ ಅಂತ ಒಂದ್ ಮಾತು ಹೇಳಬಾರ್ದೇನಯ್ಯಾ?"

"ಮೂರ್ ಸಲ ಯೋಳ್ದೆ ಸಾ. ವಾಲ್ವು ಕೈ ಕೊಟ್ಟೈತೆ, ನಾಳೀಕ್ ನೀರ್ ಬರಾಕಿಲ್ಲ, ಇವತ್ತೇ ಸಂಪು ತುಂಬುಸ್ಕೊಳ್ಳಿ ಅಂತ. ನೀವೇ ಆಚೆಗ್ ಆಕುದ್ರಿ."

"ಕೈ ಕೊಟ್ಟೈತೆ ಅಂತ ಯಾಕ್ ಬರೆದೆ? ಬೇರೆ ತರ ಬರೀಬೇಕಿತ್ತು."

"ಕೈ ಕೊಟ್ಟಿದ್ನ ಇನ್ನೆಂಗ್ ಬರೆಯಾದು ಸಾ? ಕಾಲ್ ಕೊಟ್ಟೈತೆ ಅನ್ಲಾ?"

ಅಧ್ಯಕ್ಷರು ಫೋನ್ ಇಟ್ಟು ಬೀಗರ ಕಾಲನ್ನು ನೋಡಿದರು. ಅದು ಇನ್ನೂ ನಲ್ಲಿಯ ಕೆಳಗೇ ಇತ್ತು. ನಿಂತಲ್ಲೇ ಗ್ರೂಪಿಗೆ ಬರೆದರು: "ಬೀಗರು ಬಂದಿದ್ದಾರೆ, ಮನೆಯಲ್ಲಿ ನೀರಿಲ್ಲ. ದಯವಿಟ್ಟು ಒಂದೊಂದು ಕೊಡ ನೀರು ಕೊಡಿ. ನಿಮಗೆಲ್ಲ ಕೈ ಮುಗಿಯುತ್ತೇನೆ."

ಬಡಾವಣೆಯ ಶಾಂತಿಗೆ ಧಕ್ಕೆ ತರುವಂತಿದ್ದ ಕಾರಣ ಅದನ್ನು ಅಳಿಸಲಾಯಿತು.

ಕಮಲ ಅವರು ಗಂಡನ ಕೈಯಿಂದ ಫೋನ್ ಕಿತ್ತು ಹೂವಿನ ಬುಟ್ಟಿಯಲ್ಲಿ ಹಾಕಿ, ಗೇಟಿನ ಹತ್ತಿರ ಹೋಗಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ನಮ್ಮನೇಲಿ ನೀರಿಲ್ಲ, ಇರೋರು ತನ್ನಿ." ಅಷ್ಟೇ. ಮೊದಲು ಓಡಿಬಂದವರು ಪಕ್ಷದ ವಿಚಾರಕ್ಕೆ ಮಾತು ಬಿಟ್ಟಿದ್ದ ಆ ಇಬ್ಬರು ಹಿರಿಯರು, ಕೈಯಲ್ಲಿ ಒಂದೊಂದು ಬಕೆಟ್. ಬೀಗರ ಎಡಗಾಲಿಗೆ ಒಬ್ಬರು ನೀರು ಹಾಕಿದರು, ಬಲಗಾಲಿಗೆ ಇನ್ನೊಬ್ಬರು.

ಹುಡುಗನ ತಂದೆ ಪಂಚೆ ಇಳಿಸಿಕೊಂಡು, "ನಮ್ಮೂರಲ್ಲೂ ಇಷ್ಟ್ ಮರ್ವಾದೆ ಮಾಡಕ್ಕಿಲ್ಲ," ಎಂದು ಒಳಗೆ ನಡೆದರು.

ನಿಶ್ಚಿತಾರ್ಥ ಅರ್ಧ ಗಂಟೆ ತಡವಾಗಿ ನಡೆಯಿತು. ಸೋಮವಾರ ವಾಲ್ವ್ ಬದಲಾಯಿಸಲಾಯಿತು, ನೀರಿನವನನ್ನು ಗ್ರೂಪಿಗೆ ಮತ್ತೆ ಸೇರಿಸಿಕೊಳ್ಳಲಾಯಿತು. ಕೈ, ಕಮಲ ಮತ್ತು ತೆನೆ ಬಿಡುಗಡೆಯಾದವು. ಪೊರಕೆಯ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಇಂಟರ್ನೆಟ್ಟಿಗೆ ಸರ್ಕಾರ ಕತ್ತರಿ ಹಾಕಲೇಬೇಕೆಂದು ಮಾತಾಡಿದರು. ಅರ್ಧದಲ್ಲಿ ಮೈಕು ಕೈ ಕೊಟ್ಟಿತು.