ಹಲ್ಲುನೋವಿನ ರಜೆ

ಎಲ್ಲ ತೊಂದರೆಗೂ ಮೂಲ ಆ ಹಲ್ಲು. ಪಾಪ, ಅದಕ್ಕೆ ನೋವೇ ಇರಲಿಲ್ಲ. ಅದರ ಹೆಸರು ಹೇಳಿ ಮಂಗಳವಾರ ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ ಗಿಟ್ಟಿಸಿದ್ದ ನಮ್ಮ ಎಂಬತ್ತು.

ಎಂಬತ್ತು ಅವನ ವಯಸ್ಸಲ್ಲ, ಅಡ್ಡಹೆಸರು. ಅವನು ಸಾಫ್ಟ್‌ವೇರ್ ಬರೆಯುವ ಆಫೀಸಿನಲ್ಲಿ ಮ್ಯಾನೇಜರು ಗಂಟೆಗೊಮ್ಮೆ ಬೆನ್ನ ಹಿಂದೆ ಬಂದು ನಿಂತು, "ಎಷ್ಟು ಪರ್ಸೆಂಟ್ ಆಯ್ತು?" ಎಂದು ಕೇಳುತ್ತಿದ್ದರು. ಕೆಲಸ ಶುರುವೇ ಆಗಿರದಿದ್ದರೂ ಇವನು "ಎಂಬತ್ತು, ಸಾರ್" ಎನ್ನುತ್ತಿದ್ದ. ಏಳು ವರ್ಷ ಹೀಗೇ ಕಳೆಯಿತು. ಈಚೆಗೆ ಮನೆಯಲ್ಲಿ ಹೆಂಡತಿ "ಊಟ ಆಯ್ತಾ?" ಎಂದರೂ ಬೆಚ್ಚಿಬಿದ್ದು "ಎಂಬತ್ತು" ಎನ್ನತೊಡಗಿದ್ದ.

"ಬೇರೆ ಕೆಲಸ ಹುಡುಕ್ಕೊಳ್ದೇ ಇದ್ರೆ ನಿಮಗೆ ಹುಚ್ಚು ಹಿಡಿಯತ್ತೆ" ಎಂದು ಹೆಂಡತಿಯೇ ಆ ಮಧ್ಯಾಹ್ನದ ಸಮಾವೇಶವೊಂದಕ್ಕೆ ಅವನ ಹೆಸರು ಬರೆಸಿದ್ದಳು. "ಒಂದು ಮಾತು ನೆನಪಿರ್ಲಿ. ಹೊಸಬರ ಮುಂದೆ ಹಳೇ ಬಾಸನ್ನ ಬೈಬೇಡಿ. ಹೊಗಳಿ. ಬೈದ್ರೆ, ನಾಳೆ ನಮ್ಮನ್ನೂ ಬೈತಾನೆ ಅಂದ್ಕೋತಾರೆ."

ತಂತ್ರಜ್ಞರೂ ಹೊಸದಾಗಿ ಕಂಪನಿ ಕಟ್ಟಿದವರೂ ಪರಸ್ಪರ ಪರಿಚಯ ಮಾಡಿಕೊಳ್ಳುವ ಸಮಾವೇಶ ಅದು. ಒಂದು ಉದ್ದನೆಯ ಮೇಜು. ಈ ಬದಿಯವರು ಕೂತಲ್ಲೇ ಕೂತಿರಬೇಕು. ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದಾಗ ಎದುರು ಬದಿಯವರು ಒಂದೊಂದು ಕುರ್ಚಿ ಸರಿಯಬೇಕು. ಎಲ್ಲರ ಕೊರಳಲ್ಲೂ ಹೆಸರು, ಕಂಪನಿ ಬರೆದ ಬ್ಯಾಡ್ಜು.

ಎಂಬತ್ತು ಈ ಬದಿಯಲ್ಲಿ ತುದಿಯ ಕುರ್ಚಿ ಹಿಡಿದ. ಪಕ್ಕದಲ್ಲಿ ಕೂತಿದ್ದವರು ಹೊಸ ಕಂಪನಿಯೊಂದರ ಒಡತಿ. ಶುರುವಾಗುವುದಕ್ಕೆ ಮುಂಚೆಯೇ ಮಾತು ಬೆಳೆಯಿತು. ಅವನ ಕೆಲಸದ ವಿವರ ಕೇಳಿ ಆಕೆ ತಲೆದೂಗಿದರು.

"ಇಷ್ಟು ಅಚ್ಚುಕಟ್ಟು ಯಾರ ಹತ್ರ ಕಲಿತ್ರಿ?"

ಹೆಂಡತಿಯ ಪಾಠ ನೆನಪಾಯಿತು. "ನಮ್ಮ ಮ್ಯಾನೇಜರ್ ಹತ್ರ, ಮೇಡಂ. ದೇವರಂಥ ಮನುಷ್ಯ. ಯಾವಾಗ್ಲೂ ನಮ್ಮ ಬೆನ್ನ ಹಿಂದೆ ನಿಂತಿರ್ತಾರೆ."

"ಪರವಾಗಿಲ್ಲ, ಒಳ್ಳೇ ಮನಸ್ಸು ನಿಮ್ದು. ಸಭೆ ಮುಗಿಯೋದ್ರೊಳಗೆ ನಿಮಗೊಂದು ಉತ್ತರ ಹೇಳ್ತೀನಿ. ನನಗೆ ಸುಳ್ಳು ಹೇಳೋರು ಮಾತ್ರ ಆಗಲ್ಲ ನೋಡಿ."

ಗಂಟೆ ಬಡಿಯಿತು. ಎಂಬತ್ತು ತಲೆಯೆತ್ತಿ ನೋಡಿದ. ಎದುರು ಸಾಲಿನಲ್ಲಿ, ಐದು ಕುರ್ಚಿಗಳಾಚೆ, ಮ್ಯಾನೇಜರು! ಗ್ರಾಹಕರ ಮೀಟಿಂಗಿದೆ ಎಂದು ಬೆಳಿಗ್ಗೆಯೇ ಆಫೀಸಿನಿಂದ ಹೊರಟಿದ್ದವರು. ಸಿಕ್ಕ ಕರಪತ್ರವೊಂದನ್ನು ಮುಖಕ್ಕೆ ಹಿಡಿದ. ಜೇಬಿನಲ್ಲಿ ಫೋನು ಗುರ್ರೆಂದಿತು.

"ಹಲ್ಲು ಎಷ್ಟು ಪರ್ಸೆಂಟ್ ಆಯ್ತು?"

ಅಭ್ಯಾಸಬಲ. ಬುದ್ಧಿ ಬೇಡವೆನ್ನುವುದರೊಳಗೆ ಹೆಬ್ಬೆರಳು "80" ಎಂದು ಕಳಿಸಿಯಾಗಿತ್ತು. ಐದು ಕುರ್ಚಿಗಳಾಚೆ ಮ್ಯಾನೇಜರು ಫೋನು ನೋಡಿ ಮುಗುಳ್ನಕ್ಕರು.

ಗಂಟೆ. ಇನ್ನು ನಾಲ್ಕು ಕುರ್ಚಿ. ಎಂಬತ್ತು ಮೆಲ್ಲನೆ ಎದ್ದ. ಗಂಟೆ ಹಿಡಿದ ವ್ಯವಸ್ಥಾಪಕಿ ಓಡಿಬಂದು ಹೆಗಲು ಒತ್ತಿ ಕೂರಿಸಿದಳು. "ಒಂದು ಕುರ್ಚಿ ಖಾಲಿಯಾದ್ರೆ ಸಾಲೇ ಕೆಡತ್ತೆ ಸಾರ್!"

"ಬಾತ್‌ರೂಮಿಗೆ..."

"ಹದಿನೈದು ನಿಮಿಷ ತಡ್ಕೊಳ್ಳಿ."

ಗಂಟೆ. ಮೂರು ಕುರ್ಚಿ. ಎದುರು ಬಂದು ಕೂತ ಉತ್ಸಾಹಿ ಯುವಕ ಕೈ ಉಜ್ಜಿಕೊಂಡ. "ನಾನೊಂದು ಆ್ಯಪ್ ಮಾಡಿದೀನಿ ಸಾರ್. ಹುಷಾರಿಲ್ಲ ಅಂತ ರಜೆ ಹಾಕಿ ಎಲ್ಲೆಲ್ಲೋ ಅಲೆಯೋ ನೌಕರರನ್ನ ಹಿಡಿದುಕೊಡತ್ತೆ. ಹೇಗಿದೆ?"

"ಮಾರಬೇಡಪ್ಪಾ" ಎಂದ ಎಂಬತ್ತು, ಹೆಚ್ಚು ಕಡಿಮೆ ಅಳುತ್ತಾ.

ಗಂಟೆ, ಮತ್ತೆ ಗಂಟೆ. ಮ್ಯಾನೇಜರು ಈಗ ಪಕ್ಕದಲ್ಲೇ, ಮೇಡಂ ಅವರ ಎದುರಿನ ಕುರ್ಚಿಗೆ ಬಂದರು. ಅವರು ಬಾಯಿ ತಪ್ಪಿ ಹಲ್ಲಿನ ವಿಷಯ ಎತ್ತಿದರೆ ಮುಗಿಯಿತು. ಸುಳ್ಳೂ ಬಯಲು, ಕೆಲಸವೂ ಹೋಯಿತು. ಎಂಬತ್ತು ಪೆನ್ನು ಬೀಳಿಸಿ, ಅದರ ಹಿಂದೆಯೇ ಮೇಜಿನಡಿಗೆ ಇಳಿದ. ಕಣ್ಣೆದುರು ಆ ಪರಿಚಿತ ಕಂದು ಬೂಟುಗಳು ಕುಣಿಯುತ್ತಿದ್ದವು. ಮೇಲೆ ಮೇಡಂ ನಗುವುದು ಕೇಳಿಸಿತು. ಮಾತೆಲ್ಲ ಗದ್ದಲದಲ್ಲಿ ಕರಗಿಹೋಯಿತು. ಮೂರು ನಿಮಿಷ ಮೂರು ವರ್ಷದಷ್ಟು ಎಳೆಯಿತು.

ಗಂಟೆ. ಮೇಡಂ ಬಗ್ಗಿ ಪಿಸುಗುಟ್ಟಿದರು. "ಪೆನ್ನು ಸಿಕ್ತಾ? ಸೋಮವಾರದಿಂದ ಬನ್ನಿ. ಕೆಲಸ ನಿಮ್ದೇ."

ಸಂತೋಷಕ್ಕೆ ತಟ್ಟನೆ ಎದ್ದವನ ದವಡೆ ಮೇಜಿನ ಅಂಚಿಗೆ ಬಡಿಯಿತು. ನೋವು ಲೆಕ್ಕಕ್ಕೇ ಬರಲಿಲ್ಲ. ಎದುರಿಗೆ ಮ್ಯಾನೇಜರು. ಅವರನ್ನೇ ನೋಡುತ್ತಾ ಎಂಬತ್ತು ಫೋನಿನಲ್ಲಿ ನಾಲ್ಕು ಸಾಲಿನ ರಾಜೀನಾಮೆ ಬರೆದು, ಅವರಿಗೂ ಆಫೀಸಿಗೂ ಕಳಿಸಿಯೇಬಿಟ್ಟ. ಏಳು ವರ್ಷದಲ್ಲಿ ಮೊದಲ ಸಲ ಅವನ ಕೆಲಸವೊಂದು ನೂರಕ್ಕೆ ನೂರು ಮುಗಿದಿತ್ತು.

ಮ್ಯಾನೇಜರು ಓದಿದರು. ಕೋಪವಿಲ್ಲ; ಕಣ್ಣಲ್ಲಿ ನೀರು!

"ನಂದೂ ಈಗ್ತಾನೇ ಕಳಿಸ್ದೆ ಕಣಯ್ಯಾ. ನಾನೂ ಕೆಲಸ ಹುಡುಕ್ಕೊಂಡೇ ಇಲ್ಲಿಗೆ ಬಂದಿದ್ದು. ಮೇಡಂ ನನ್ನ ಬ್ಯಾಡ್ಜಲ್ಲಿ ಕಂಪನಿ ಹೆಸರು ನೋಡಿ, 'ಆ ದೇವರಂಥ ಮ್ಯಾನೇಜರ್ ನೀವೇನಾ?' ಅಂದ್ರು. ಇಷ್ಟು ವರ್ಷದಲ್ಲಿ ಒಬ್ರೂ ನನ್ನ ಬಗ್ಗೆ ಒಂದು ಒಳ್ಳೇ ಮಾತಾಡಿರ್ಲಿಲ್ಲ. ನಿನ್ನ ಮಾತು ನಂಬಿ ಅಲ್ಲೇ ಕೆಲಸ ಕೊಟ್ಟುಬಿಟ್ರು. ನಾನು ಬಿಡ್ತೀನಾ? ನಿನ್ನನ್ನ ನನ್ನ ಕೈಕೆಳಗೇ ಹಾಕಿ ಅಂತ ಕೇಳ್ಕೊಂಡಿದೀನಿ. ನಮ್ಮಿಬ್ರ ಕುರ್ಚಿನೂ ಒಂದೇ ಕೋಣೇಲಿ!"

ಪೆಟ್ಟು ಬಿದ್ದ ದವಡೆಯಲ್ಲಿ ಹಲ್ಲೊಂದು ಸಿಡಿಯತೊಡಗಿತ್ತು. ಎಂಬತ್ತು ಕೆನ್ನೆ ಒತ್ತಿ ಹಿಡಿದದ್ದನ್ನು ಕಂಡು ಮ್ಯಾನೇಜರು ಕಳಕಳಿಯಿಂದ ಮುಂದೆ ಬಾಗಿದರು.

"ಅಯ್ಯೋ, ನೋವು ಇನ್ನೂ ಇದ್ಯಾ? ಎಷ್ಟು ಪರ್ಸೆಂಟ್?"

"ಎಂಬತ್ತು, ಸಾರ್."