ದನದ ಡಾಕ್ಟರ ಬ್ಯಾಟರಿಗೆ ಊರೆಲ್ಲ ಉಪಚಾರ

ದನದ ಡಾಕ್ಟರ ಬಾಳಿನಲ್ಲಿ ನಗುವ ಸಂಗತಿಗಳಿಗೆ ಬರವಿಲ್ಲ. ಕಾರಿನ ಬ್ಯಾಟರಿ ಹಳೆಯದಾಗಿದ್ದರಂತೂ ಕೇಳುವುದೇ ಬೇಡ. ನನ್ನ ಕಾರು ಕೈಕೊಟ್ಟರೆ ಯಾವುದೋ ಕೊಟ್ಟಿಗೆಯಲ್ಲಿ ಒಂದು ಹಸುವಿನ ಜೀವಕ್ಕೆ ಕುತ್ತು ಬಂತು. ಹಾಗಾಗಿ ಶಿರಾದ ಬ್ಯಾಟರಿ ಅಂಗಡಿಯವರು, "ಚೆನ್ನಾಗಿ ನೋಡ್ಕೊಂಡ್ರೆ ಇನ್ನೊಂದು ವರ್ಷ ಬತ್ತದೆ ಸಾ" ಎಂದದ್ದನ್ನು ವ್ರತದಂತೆ ಹಿಡಿದೆ.

೧. ಬೆಣ್ಣೆ

ಹುಲಿಕುಂಟೆಯಲ್ಲಿ ಕುರಿಗಳಿಗೆ ಲಸಿಕೆ ಹಾಕಿದ ಮೇಲೆ ಬಾನೆಟ್ ಎತ್ತಿ, ಟರ್ಮಿನಲ್‌ಗೆ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದೆ. ಹಚ್ಚಲು ವ್ಯಾಸಲಿನ್ ಮರೆತು ಬಂದೆನಲ್ಲ ಎಂದು ಗೊಣಗಿದೆ. ಕುರಿಯ ಯಜಮಾನಿ ಅಜ್ಜಿ, "ಒಡೆದ ಹಿಮ್ಮಡಿಗೆ ಹಚ್ತಾರಲ್ಲ, ಅದಾ? ನಮ್ತಾವ ಬೆಣ್ಣೆ ಐತೆ ಬುಡಿ" ಎಂದರು. ನಾನು ಬೇಡವೆನ್ನುವಷ್ಟರಲ್ಲಿ ಧಾರಾಳವಾಗಿ ಬಳಿದಾಗಿತ್ತು.

ಮಧುಗಿರಿಯ ಮನೆ ಮುಟ್ಟುವಾಗ ಇಂಜಿನ್ ಬಿಸಿಗೆ ತುಪ್ಪದ ಘಮ ಎದ್ದಿತ್ತು. ಬೀದಿಯ ಬೆಕ್ಕುಗಳೆಲ್ಲ ಬಾನೆಟ್ ಮೇಲೆ ಹಾಜರು. ಹೆಂಡತಿ ಕೇಳಿದಳು, "ದನ ಆಯ್ತು, ಈಗ ಬೆಕ್ಕಿನ ಕ್ಲಿನಿಕ್ಕೂ ತೆಗೆದ್ರಾ?"

೨. ನೀರು

ಪಾವಗಡದ ಕಡೆ ಒಂದು ಹಳ್ಳಿಯಲ್ಲಿ ಹಸುವಿಗೆ ಮದ್ದು ಕೊಟ್ಟು ಬಂದು ನೋಡಿದರೆ ಬ್ಯಾಟರಿಯಲ್ಲಿ ನೀರು ಕಡಿಮೆಯಾಗಿತ್ತು. ಡಿಸ್ಟಿಲ್ಡ್ ವಾಟರ್ ಇರಲಿಲ್ಲ. ಸದ್ಯಕ್ಕೆ ಸಾಕೆಂದು ಬೋರ್‌ವೆಲ್ ನೀರು ಹಿಡಿಯಹೋದೆ. ಹಸುವಿನ ಯಜಮಾನರು ಕೈ ತಡೆದರು. "ವದ್ದು ಸಾರ್, ಬ್ಯಾಡ. ಈ ಫ್ಲೋರೈಡ್ ನೀರು ಕುಡ್ದು ನಮ್ಮ ಹಲ್ಲು ಹೆಂಗಾಗೈತೆ ನೋಡಿ. ಪಾಪ, ಬ್ಯಾಟರಿ ಏನ್ ಮಾಡೈತೆ?"

ತಾವೇ ಬೈಕಿನಲ್ಲಿ ಪೇಟೆಗೆ ಹೋಗಿ ಡಿಸ್ಟಿಲ್ಡ್ ವಾಟರ್ ತಂದರು. ಆ ಕಂದು ಹಲ್ಲಿನ ನಗುವಿಗೆ ನಾನೂ ನನ್ನ ಬ್ಯಾಟರಿಯೂ ಋಣಿ.

೩. ಕೀಲಿ

ರಜೆಗೆ ಹೋಗುವಾಗ ಕಾರನ್ನು ಕೊರಟಗೆರೆಯ ಮಾವನವರ ಮನೆಯಲ್ಲಿ ಬಿಟ್ಟೆ. "ನಿಂತೇ ಇದ್ರೆ ಬ್ಯಾಟರಿ ಕೂತುಬಿಡುತ್ತೆ, ದಿನಾ ಸ್ವಲ್ಪ ಹೊತ್ತು ಕೀಲಿ ತಿರುಗಿಸಿ" ಎಂದಿದ್ದೆ. ಬಂದು ನೋಡಿದರೆ ಕಾರಿಗೆ ಜೀವವೇ ಇಲ್ಲ.

"ದಿನಾ ತಿರುಗಿಸಿದೀನಿ ಅಳಿಯಂದ್ರೇ. ಒಂದೊಂದು ಗಂಟೆ ಕೂತು ರೇಡಿಯೋನೂ ಕೇಳಿದೀನಿ."

"ಇಂಜಿನ್ ಸ್ಟಾರ್ಟ್ ಮಾಡಲಿಲ್ವಾ?"

"ಛೆ, ನಿಮ್ಮ ಪೆಟ್ರೋಲ್ ಸುಡ್ತೀನಾ?"

ಪೆಟ್ರೋಲ್ ಉಳಿದಿತ್ತು, ಬ್ಯಾಟರಿ ಬರಿದಾಗಿತ್ತು. ಕಾರು ತಳ್ಳಿದವರೂ ಅವರೇ.

೪. ಬಾಣಂತಿ

ಹಾಗೆ ತಳ್ಳಿಸಿಕೊಂಡು ಹೊರಟವನಿಗೆ ದಾರಿಯಲ್ಲೇ ಐ.ಡಿ.ಹಳ್ಳಿಯಿಂದ ಫೋನು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆ ಎಂದು ಮನೆಯಾಕೆ ಅಳುತ್ತಿದ್ದಳು. ಇಂಜಿನ್ ಆರಿಸಿದರೆ ಮತ್ತೆ ಹತ್ತುವ ನಂಬಿಕೆ ಇರಲಿಲ್ಲ. ಕೊಟ್ಟಿಗೆಯ ಮುಂದೆ ಕಾರನ್ನು ಚಾಲೂ ಇಟ್ಟೇ ಒಳಗೆ ಓಡಿದೆ.

ಬಹಳ ಹೆಣಗಿದ ಮೇಲೆ ಕರು ಹೊರಬಂತು. ಹಸುವೂ ಉಳಿಯಿತು. ಆಕೆ ಕೈಮುಗಿದಾಗ ನನಗೂ ಕಣ್ಣು ತುಂಬಿತು. ಕೈ ತೊಳೆದು ಹೊರಬಂದರೆ ಕಾರಿನ ಸದ್ದೇ ಇಲ್ಲ.

"ಯಾರಮ್ಮ ಆರಿಸಿದ್ದು?"

"ನಾನೇ ನಮ್ಮನೆಯವ್ರಿಗೆ ಹೇಳಿ ಆರಿಸ್ದೆ ಸಾ. ಬಾಣಂತಿ ಈಗ ಮಲಗವ್ಳೆ. ಇದು ಗುರ್ ಅಂತಾನೇ ಇತ್ತು."

 ತಳ್ಳಬೇಕು ಎಂದೆ. ಬೀದಿಯವರೆಲ್ಲ ಬಂದು ಕೈಜೋಡಿಸಿದರು, ಆದರೆ ಒಬ್ಬರೂ "ಐಸಾ" ಎನ್ನಲಿಲ್ಲ. ನಾನು ಗೇರ್ ಹಾಕಹೋದರೆ, "ಇಲ್ಲಿ ಬ್ಯಾಡ ಸಾ, ಸದ್ದಾಯ್ತದೆ" ಎಂದು ಪಿಸುಗುಟ್ಟಿ ಊರಾಚೆಯವರೆಗೂ ತಳ್ಳಿದರು.

ಅಲ್ಲಿ ಕಾರು ಸ್ಟಾರ್ಟ್ ಆಯಿತು. ಅಷ್ಟು ಜನರ ಉಪಕಾರಕ್ಕೆ ಒಂದು ಹಾರನ್ನಾದರೂ ಹೊಡೆದು ಹೋಗೋಣವೆಂದು ಕೈ ಎತ್ತಿದೆ. ಮನೆಯಾಕೆ ಓಡಿ ಬಂದು ಕಿಟಕಿಯೊಳಗೆ ತಲೆ ಹಾಕಿದಳು.

"ಬ್ಯಾಡ ಸಾ. ಕರೂನೂ ಈಗ ತಾನೆ ನಿದ್ದೆ ಹೋಗೈತೆ."