ಎಡಗೈ ನೋವಿಗೆ, ಬಲಗೈ ವಾದಕ್ಕೆ

ಆ ದಿನ ಬೆಳಿಗ್ಗೆ ದಂತವೈದ್ಯರು ಕನ್ನಡಿಯ ಮುಂದೆ ನಿಂತು, ಬಾಯಿತುಂಬ ನೊರೆ ಇಟ್ಟುಕೊಂಡೇ ಭೀಷ್ಮಪ್ರತಿಜ್ಞೆ ಮಾಡಿದರು: "ಇವತ್ತು ಸಂಜೆಯವರೆಗೆ ಕೊನೇ ಕಂತಿನ ಒಂದಕ್ಷರವೂ ನನ್ನ ಕಿವಿಗೆ ಬೀಳಬಾರದು!"

ಕೊನೇ ಕಂತು ಎಂದರೆ 'ಸಿಡಿಲುಮುಷ್ಟಿ'ಯದು. ಮುಷ್ಟಿ ಬಿಗಿದರೆ ಸಿಡಿಲು ಹೊರಡುವ ಆ ಮಹಾವೀರನ ಮೇಲೆ ಐದು ಸಿನಿಮಾ, ಮೂರು ಧಾರಾವಾಹಿ ಬಂದಿದ್ದವು. ಸಾಲದೆಂಬಂತೆ ಅವನ ಕಾರು ತೊಳೆಯುವವನ ಮೇಲೂ ಪ್ರತ್ಯೇಕ ಸಿನಿಮಾ ಆಗಿತ್ತು. ಎಲ್ಲದರಲ್ಲೂ ಅವನನ್ನು ಕಾಡಿದ್ದು ಕರಿಹೊಗೆ ಎಂಬ ಮುಖವಾಡದ ಖಳ. ಆ ಮುಖವಾಡದ ಹಿಂದೆ ಯಾರಿದ್ದಾರೆ? ಇಷ್ಟು ವರ್ಷ ಡಾಕ್ಟರ ತಲೆ ತಿಂದ ಪ್ರಶ್ನೆ ಅದೊಂದೇ. ಉತ್ತರ ಹೇಳುವ ಕಂತು ಹಿಂದಿನ ದಿನವೇ ಬಂದಿತ್ತು. ಆದರೆ ಮನೆಯವರೆಲ್ಲ ಸೇರಿಯೇ ನೋಡಬೇಕೆಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದರಿಂದ ಡಾಕ್ಟರು ಹಲ್ಲು ಕಚ್ಚಿ ಕಾಯುತ್ತಿದ್ದರು.

"ಯಾರಾದ್ರೂ ಪೇಷೆಂಟು ಬಾಯಿ ಬಿಟ್ರೆ? ಕಿವಿಗೆ ಹತ್ತಿ ಇಟ್ಕೊಳ್ಳಿ" ಎಂದಳು ಹೆಂಡತಿ.

"ನನ್ನ ಕಿವಿಗ್ಯಾಕೆ? ಅವರ ಬಾಯಿಗೇ ಇಡ್ತೀನಿ! ಇಡೀ ಊರಲ್ಲಿ ಆ ಅಧಿಕಾರ ಇರೋದು ನನಗೊಬ್ಬನಿಗೇ!"

ಹಾಗಾಗಿ ಅಂದು ಕ್ಲಿನಿಕ್ಕಿಗೆ ಹೊಸ ಕಾನೂನು ಬಂತು. ಮೊದಲು ಹತ್ತಿ, ಆಮೇಲೆ ಮಾತು. ಬ್ಯಾಂಕ್ ಮ್ಯಾನೇಜರು ಕುರ್ಚಿಯಲ್ಲಿ ಒರಗುತ್ತಲೇ "ಡಾಕ್ಟ್ರೇ, ನಿನ್ನೆ ನೋಡಿದ್ರಾ, ಆ ಕರಿಹೊಗೆ..." ಎಂದರು. ಅಷ್ಟೇ! ಎರಡು ಹತ್ತಿಯುಂಡೆ ಒಳಗೆ ಹೋದವು. ಪಾಪ, ಅವರು ಬಂದದ್ದು ಬಿಲ್ಲಿನ ರಸೀದಿ ಕೇಳಲು.

ಕುರ್ಚಿಯಲ್ಲಿ ಮಲಗಿದವರಿಗೆ ಸಿನಿಮಾ ಪ್ರವಚನ ಮಾಡುವುದು ಡಾಕ್ಟರ ಹಳೆಯ ಚಾಳಿ. ಮನೆಯಲ್ಲಿ ಅವರು ಸಿಡಿಲುಮುಷ್ಟಿಯ 'ಸಿ' ಎನ್ನುವಷ್ಟರಲ್ಲಿ ಮಗಳು ತಟ್ಟೆ ಎತ್ತಿಕೊಂಡು ಕೋಣೆ ಸೇರುತ್ತಿದ್ದಳು. ಬಾಯಿ ತೆರೆದು ಮಲಗಿದ ಪೇಷೆಂಟು ಎಲ್ಲಿಗೆ ಹೋದಾನು? ಹಾಗಂತ ಡಾಕ್ಟರು ಸರ್ವಾಧಿಕಾರಿಯೇನಲ್ಲ. "ನೋವಾದ್ರೆ ಎಡಗೈ ಎತ್ತಿ. ನನ್ನ ಅಭಿಪ್ರಾಯ ಒಪ್ಪಿಗೆ ಆಗದಿದ್ರೆ ಬಲಗೈ ಎತ್ತಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಎಡಗೈ ಎತ್ತಿದರೆ ಕೆಲಸ ನಿಲ್ಲುತ್ತಿತ್ತು. ಬಲಗೈ ಎತ್ತಿದರೆ ವಾದ ಇನ್ನಷ್ಟು ಜೋರಾಗುತ್ತಿತ್ತು.

"ಇದು ಕ್ಲಿನಿಕ್ಕಾ, ಚರ್ಚಾಕೂಟನಾ?" ಎಂದು ಹೊರಗಿನ ಮೇಜಿನಲ್ಲಿ ಕೂರುವ ಹೆಂಡತಿ ಕೇಳಿ ಕೇಳಿ ಸೋತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವಳು ತನ್ನ ತಾಯಿಯನ್ನೇ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಅತ್ತೆ ನಿವೃತ್ತ ಹೆಡ್‌ಮೇಡಂ. ಮಗಳ ಮನೆಗೆ ಬಂದು ವಾರವಾಗಿತ್ತು. ಹಿಂದಿನ ದಿನದಿಂದ ಬಲಗೆನ್ನೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಅದು ಮನೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು, ಅಳಿಯನೊಬ್ಬನನ್ನು ಬಿಟ್ಟು.

"ಅಮ್ಮನ ಹಲ್ಲು ಇವತ್ತೇ ಕೀಳ್ಬೇಕು. ಎಕ್ಸ್‌ರೇ ಇಲ್ಲಿದೆ. ಹುಷಾರು ಕಣ್ರೀ, ನಮ್ಮಮ್ಮ!" ಎಂದು ಹೇಳಿ ಹೋದಳು.

ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಗಿಸಿದರು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಕಾನೂನು ಕಾನೂನೇ! ಹತ್ತಿ ಒಳಗೆ ಹೋಯಿತು.

"ನೋಡಿ ಅತ್ತೆ, ನಿಮಗೆ ಇದೆಲ್ಲ ಗೊತ್ತಿರಲ್ಲ" ಎಂದು ಇಂಜೆಕ್ಷನ್ ತುಂಬುತ್ತಲೇ ಶುರು ಮಾಡಿದರು. "ಹಿಂದೆ ಒಬ್ಬ ಹೀರೋ, ಒಬ್ಬ ವಿಲನ್, ಒಂದು ಸಿನಿಮಾ, ಮುಗೀತು. ಈಗ ಒಂದು ಸಿನಿಮಾ ಅರ್ಥ ಆಗ್ಬೇಕಾದ್ರೆ ಮೂರು ಧಾರಾವಾಹಿ ನೋಡಿರ್ಬೇಕು. ಇದೇನು ಮನರಂಜನೆನಾ, ಪರೀಕ್ಷೆನಾ?"

ಸೂಜಿ ಎಡದವಡೆಯ ಕಡೆ ಬರುವುದನ್ನು ಕಂಡ ಅತ್ತೆ ಬಲಗೈ ಎತ್ತಿದರು.

"ಗೊತ್ತು ಅತ್ತೆ, ಶಾಲೆ ನಡೆಸಿದೋರು, ಪರೀಕ್ಷೆ ಪರ ಮಾತಾಡ್ತೀರಿ" ಎನ್ನುತ್ತ ಡಾಕ್ಟರು ಚುಚ್ಚಿಯೇಬಿಟ್ಟರು. "ಆದ್ರೆ ಈ ಹೀರೋಗಳ ಸಾವು ಇದೆಯಲ್ಲ, ಹಾಲುಹಲ್ಲು ಬಿದ್ದ ಹಾಗೆ! ಬಿದ್ದ ಜಾಗದಲ್ಲೇ ಮತ್ತೊಂದು ಬರುತ್ತೆ. ಮೂರನೇ ಭಾಗದಲ್ಲಿ ಸಿಡಿಲುಮುಷ್ಟಿ ಸತ್ತಾಗ ನಾನು ಅತ್ತಿದ್ದೆ. ನಾಲ್ಕನೇದರಲ್ಲಿ ಎದ್ದು ಬಂದ. ನನ್ನ ಕಣ್ಣೀರು ವಾಪಸ್ ಕೊಡ್ತಾರಾ?"

ಅತ್ತೆಯ ಬಲಗೈ ಈಗ ಗಾಳಿಪಟದಂತೆ ಆಡತೊಡಗಿತು. ತಲೆಮಾರುಗಳ ಮಕ್ಕಳಿಗೆ ಕೈ ಎತ್ತಿ ಮಾತಾಡಲು ಕಲಿಸಿದ ಆ ತಾಯಿಯ ಕೈಗೆ ಇಂದು ಕಿಮ್ಮತ್ತೇ ಇಲ್ಲ!

"ಒಪ್ಪಲ್ವಾ? ಇದು ಕೇಳಿ ಹಾಗಾದ್ರೆ! ಕರಿಹೊಗೆ ಯಾರು ಅಂತ ನಾನು ಎರಡನೇ ಭಾಗದಲ್ಲೇ ಕಂಡುಹಿಡಿದೆ. ಬೇರೆ ಲೋಕದಿಂದ ಬಂದ ಇನ್ನೊಬ್ಬ ಸಿಡಿಲುಮುಷ್ಟಿ! ಕಥೆ ಹೆಣೆಯೋಕೆ ಬರದಿದ್ದಾಗ ಇನ್ನೊಂದು ಲೋಕ ತಂದು ನಿಲ್ಲಿಸ್ತಾರೆ. ಬರೆದಿಟ್ಕೊಳ್ಳಿ!"

ಇಷ್ಟು ಹೇಳಿ ಇಕ್ಕಳ ಎತ್ತಿಕೊಂಡರು. ಅತ್ತೆ ಬಲಗೈ ಎತ್ತಿ, ಕಣ್ಣು ಅರಳಿಸಿ, "ಊಂ! ಊಂ!" ಎಂದು ಕಾಲನ್ನೂ ಝಾಡಿಸಿದರು.

"ಇಷ್ಟು ಆಸಕ್ತಿಯಿಂದ ವಾದ ಮಾಡೋರು ಸಿಗೋದೇ ಇಲ್ಲ ಅತ್ತೆ!" ಎನ್ನುತ್ತ ಡಾಕ್ಟರು ಇಕ್ಕಳವನ್ನು ಬಾಯಿಯ ಹತ್ತಿರ ತಂದರು.

ಸದ್ದು ಕೇಳಿ ಹೆಂಡತಿ ಒಳಗೆ ಬಂದಳು. ದೀಪದ ಪೆಟ್ಟಿಗೆ ನೋಡಿದಳು. ಇಕ್ಕಳ ನೋಡಿದಳು.

"ರೀ! ನಿಲ್ಸಿ! ಫಿಲ್ಮ್ ಹಿಂದುಮುಂದಾಗಿ ಸಿಗಿಸಿದೀರಿ! ಅಮ್ಮನ ಹುಳುಕು ಹಲ್ಲು ಬಲಗಡೆ!"

ಇಕ್ಕಳ ಠಣ್ಣೆಂದು ತಟ್ಟೆಗೆ ಬಿತ್ತು. ಒಳ್ಳೆಯ ಹಲ್ಲು ಕೂದಲೆಳೆಯಲ್ಲಿ ಬಚಾವಾಗಿತ್ತು. ಡಾಕ್ಟರು ಫಿಲ್ಮನ್ನು ತಿರುಗಿಸಿ ಸಿಗಿಸಿದರು. ಆದರೆ ಬಲಗಡೆಯ ಹಲ್ಲು ಕೀಳಲೇಬೇಕಲ್ಲ? ಆ ಕಡೆಗೂ ಚುಚ್ಚಿದರು. ಹಲ್ಲು ಬಂತು. ಅತ್ತೆಯ ಬಾಯಿ ಮಾತ್ರ ಈ ಕಿವಿಯಿಂದ ಆ ಕಿವಿಯವರೆಗೆ ಮರಗಟ್ಟಿ ಹೋಯಿತು. ನೆಟ್ಟಗೆ ಬೈಯಲೂ ಆಗದೆ ಅವರು ಮನೆಯವರೆಗೆ ಅಳಿಯನನ್ನು ಬರೀ ನೋಡಿದರು. ಆ ನೋಟಕ್ಕೆ ಯಾವ ಸಿಡಿಲೂ ಸಮವಿರಲಿಲ್ಲ.

ಸಂಜೆ ಎಲ್ಲರೂ ಟಿ.ವಿ. ಮುಂದೆ ಕೂತರು. ಡಾಕ್ಟರ ಬಲಗೈಯಲ್ಲಿ ರಿಮೋಟು, ಎಡಗೈಯಲ್ಲಿ ಅತ್ತೆಯ ಕೆನ್ನೆಗೆಂದು ತಂದ ಐಸಿನ ಚೀಲ. ನಾಚಿಕೆಯಿಂದ ತಲೆ ತಗ್ಗಿದ್ದರೂ ಒಳಗೊಳಗೇ ಹಿಗ್ಗು. ಪ್ರತಿಜ್ಞೆ ಗೆದ್ದಿತ್ತು!

ಅತ್ತೆ ಕೆನ್ನೆ ತಡವಿ, ತುಟಿ ಅಲುಗಿಸಿ ನೋಡಿದರು. ಮಾತು ಮರಳಿತ್ತು.

"ಅಳಿಯಂದ್ರೇ, ಮಧ್ಯಾಹ್ನದಿಂದ ಬಲಗೈ ಎತ್ತಿ ಎತ್ತಿ ಸಾಕಾಯ್ತು. ಈಗ ಹೇಳ್ಬಹುದಾ?"

"ಹೇಳಿ ಅತ್ತೆ. ತಪ್ಪು ನಂದೇ. ಎಷ್ಟು ಬೇಕಾದ್ರೂ ಬೈಯಿರಿ."

"ಬೈಗುಳ ಅಲ್ಲಪ್ಪ. ಮೊದಲು ಕೈ ಎತ್ತಿದ್ದು ಹಲ್ಲು ಅದಲ್ಲ ಅಂತ. ಕೊನೇಲಿ ಎತ್ತಿದ್ದು ನಿಮ್ಮ ವಾದ ಸರಿಯಿಲ್ಲ ಅಂತ. ಹಲ್ಲುನೋವಿಗೆ ನಿದ್ದೆ ಬರಲಿಲ್ಲ ನೋಡಿ, ಬೆಳಗಿನ ಜಾವ ಎದ್ದು ಕೂತು ಇದನ್ನ ಪೂರ್ತಿ ನೋಡಿಬಿಟ್ಟೆ."

"ಅತ್ತೆ, ಬೇಡ!"

ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಖಾಲಿಯಿರಲಿಲ್ಲ. ಮನೆಯಲ್ಲಿ ಹತ್ತಿಯೂ ಇರಲಿಲ್ಲ.

"ಬೇರೆ ಲೋಕನೂ ಇಲ್ಲ, ಇನ್ನೊಬ್ಬನೂ ಇಲ್ಲ. ಕರಿಹೊಗೆ ಮುಖವಾಡ ತೆಗೆದ್ರೆ ಒಳಗಿರೋದು ಸಿಡಿಲುಮುಷ್ಟಿಯ ಅತ್ತೆ!"

ಹೆಂಡತಿ, ಮಗಳು ಇಬ್ಬರೂ ಡಾಕ್ಟರ ಕಡೆ ತಿರುಗಿದರು. ಡಾಕ್ಟರ ಬಾಯಿ ತೆರೆದದ್ದು ತೆರೆದೇ ಇತ್ತು.

"ಯಾಕೆ ಅಳಿಯಂದ್ರೇ, ಒಪ್ಪಿಗೆ ಆಗ್ಲಿಲ್ವಾ?" ಎಂದರು ಅತ್ತೆ.

ಡಾಕ್ಟರು ಐಸಿನ ಚೀಲವನ್ನು ಮೆಲ್ಲಗೆ ಕೆಳಗಿಟ್ಟು, ಎಡಗೈ ಎತ್ತಿದರು.